ಇನ್ನೂರು ಬಾರ್ ಗಾಳಿ, ಎಂಬತ್ತು ಲೀಟರ್ ಪಾನಕ

ಹೊಳೆನರಸೀಪುರದಲ್ಲಿ ಗಾಳಿ ಸಿಗುವ ಜಾಗಗಳು ಮೂರು: ಬಸ್ ಸ್ಟ್ಯಾಂಡ್ ಪಕ್ಕದ ಪಂಕ್ಚರ್ ಅಂಗಡಿ, ಪೆಟ್ರೋಲ್ ಬಂಕು, ಹೇಮಾವತಿ ಹೊಳೆಯ ದಂಡೆ. ಮೂರೂ ನನ್ನ ಹೆಂಡತಿಗೆ ಸಾಲುವುದಿಲ್ಲ. ಮೋಟಾರ್ ಬೈಕಿನ ಟೈರಿಗೆ ಎರಡು ಬಾರ್ ಒತ್ತಡದ ಗಾಳಿ ಸಾಕು, ಅವಳಿಗೆ ಇನ್ನೂರು ಬಾರ್ ಬೇಕು. ಆದ್ದರಿಂದ ಊರಿನ ನಾಲ್ಕನೆಯ ಗಾಳಿ ಕೇಂದ್ರವನ್ನು ನಮ್ಮ ಹಿತ್ತಿಲಿನಲ್ಲಿಯೇ ಸ್ಥಾಪಿಸತಕ್ಕದ್ದೆಂದು ಕಳೆದ ಮೇ ತಿಂಗಳಿನಲ್ಲಿ ನಾನು ಏಕಸದಸ್ಯ ಸಭೆ ಕರೆದು ಸರ್ವಾನುಮತದಿಂದ ತೀರ್ಮಾನಿಸಿದೆ. ಅದೇ ಸಭೆಯಲ್ಲಿ ಇನ್ನೊಂದು ತೀರ್ಮಾನವೂ ಆಯಿತು. ಈ ಕೇಂದ್ರವನ್ನು ನಡೆಸಲು ನನ್ನಷ್ಟು ಯೋಗ್ಯ ಮನುಷ್ಯ ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ನಾನು ಕೀರ್ತಿರಾಜ್, ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕ. ನನ್ನ ಹೆಂಡತಿ ಶಾಂತಿ ಹಳ್ಳಿಮೈಸೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಡಂ. ನಾಲ್ಕು ವರ್ಷದ ಹಿಂದೆ ಹಾಸನಕ್ಕೆ ಯಾವುದೋ ತರಬೇತಿಗೆಂದು ಹೋದವಳು ಏರ್ ರೈಫಲ್ ಹಿಡಿಯುವುದನ್ನು ಕಲಿತು ಬಂದಳು. ಹತ್ತು ಮೀಟರ್ ದೂರದಲ್ಲಿ ಎಳ್ಳುಕಾಳಿಗಿಂತ ಚಿಕ್ಕದೊಂದು ಚುಕ್ಕೆ ಇರುತ್ತದೆ, ಅದಕ್ಕೆ ಹೊಡೆಯಬೇಕು. ಹೊಡೆಯುತ್ತಾಳೆ. ಇಂಥ ಹೆಂಡತಿಯಿರುವ ಮನೆಯಲ್ಲಿ ಜಗಳ ಕಡಿಮೆ. ರೈಫಲ್ಲಿನ ಟ್ರಿಗರ್ ಎಳೆಯುವ ಮೊದಲು ಅವಳು ಅರ್ಧ ಉಸಿರು ಹೊರಕ್ಕೆ ಬಿಟ್ಟು ಅಲ್ಲಿಗೇ ನಿಲ್ಲಿಸುತ್ತಾಳೆ. ನನ್ನನ್ನು ಬಯ್ಯುವ ಮೊದಲೂ ಹಾಗೆಯೇ ಮಾಡುತ್ತಾಳೆ. ಹಾಗಾಗಿ ಮನೆಯಲ್ಲಿ ಆ ಅರ್ಧ ಉಸಿರಿನ ಸದ್ದು ಕೇಳಿದರೆ ನಾನು ಗುರಿಯಲ್ಲಿದ್ದೇನೆ ಎಂದು ತಿಳಿದುಕೊಳ್ಳುತ್ತೇನೆ.

ಈ ರೈಫಲ್ಲಿಗೆ ಮದ್ದು ಗಿದ್ದು ಏನೂ ಬೇಡ. ನಳಿಗೆಯ ಕೆಳಗೆ ಲಟ್ಟಣಿಗೆಯಂಥ ಒಂದು ಬೆಳ್ಳಿಬಣ್ಣದ ಟ್ಯಾಂಕು ಇರುತ್ತದೆ. ಅದರಲ್ಲಿ ತುಂಬಿದ ಗಾಳಿಯೇ ಗುಂಡನ್ನು ತಳ್ಳುತ್ತದೆ. ಎಲ್ಲರೂ ಹಾಸನದ ಕ್ಲಬ್ಬಿನಲ್ಲಿರುವ ದೊಡ್ಡ ಸಿಲಿಂಡರಿನಿಂದ ತುಂಬಿಸಿಕೊಳ್ಳುತ್ತಿದ್ದರು. ಆ ಸಿಲಿಂಡರನ್ನು ಪರೀಕ್ಷೆ ಮಾಡಿಸಲು ಬೆಂಗಳೂರಿಗೆ ಕಳಿಸಿದ್ದರಿಂದ, ರಾಜ್ಯಮಟ್ಟಕ್ಕೆ ಆಯ್ಕೆ ನಡೆಯುವ ದಿನ ಅವರವರ ಟ್ಯಾಂಕನ್ನು ಅವರವರೇ ತುಂಬಿಸಿಕೊಂಡು ಬರತಕ್ಕದ್ದೆಂದು ಕೋಚ್ ಕೆಂಪಣ್ಣನವರು ಗ್ರೂಪಿಗೆ ಮೆಸೇಜು ಹಾಕಿದರು.

ಈ ಆಯ್ಕೆಯ ವಿಷಯ ಸ್ವಲ್ಪ ಗಂಭೀರವಾದದ್ದು. ಹೋದ ವರ್ಷ ಶಾಂತಿಗೆ ಒಂದೇ ಒಂದು ಪಾಯಿಂಟಿನಲ್ಲಿ ತಪ್ಪಿಹೋಗಿತ್ತು. ಮನೆಯಲ್ಲಿ ನಾನು, ಅವಳು, ನನ್ನ ತಾಯಿ ಪಾರ್ವತಮ್ಮ, ಮೂವರೇ. ಆ ಒಂದು ಪಾಯಿಂಟು ವರ್ಷಪೂರ್ತಿ ನಾಲ್ಕನೆಯವನ ಹಾಗೆ ನಮ್ಮ ಜೊತೆ ವಾಸವಾಗಿತ್ತು. ಊಟಕ್ಕೆ ಕೂತರೂ ಬರುತ್ತಿತ್ತು, ಟಿ.ವಿ. ನೋಡಲೂ ಬರುತ್ತಿತ್ತು. ಈ ಸಲ ಅದನ್ನು ಮನೆಯಿಂದ ಹೊರಗೆ ಹಾಕಬೇಕೆಂದು ಅವಳು ದಿನಾ ಬೆಳಿಗ್ಗೆ ಐದಕ್ಕೆದ್ದು ಗೋಡೆಗೆ ಗುರಿ ಹಿಡಿದು ನಿಲ್ಲುತ್ತಿದ್ದಳು. ನೋಡಿ ನನಗೆ ಪಾಪ ಅನ್ನಿಸುತ್ತಿತ್ತು. ಏನಾದರೂ ಮಾಡಬೇಕೆನ್ನಿಸಿತು. ಹಾಗನ್ನಿಸಿದಾಗ ನಾನು ಸುಮ್ಮನಿದ್ದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಯಂತ್ರ ಪಾರ್ಸೆಲ್ಲಿನಲ್ಲಿ ಬಂತು. ಹೆಸರು ಹೈ ಪ್ರೆಶರ್ ಕಂಪ್ರೆಸರ್. ಗಾತ್ರ ಒಂದು ಮಿಕ್ಸಿ, ಒಂದು ಗ್ರೈಂಡರ್ ಒಟ್ಟಿಗೆ ಇಟ್ಟಷ್ಟು, ಸದ್ದು ಅವೆರಡರ ಹತ್ತರಷ್ಟು. ಇದರ ಸ್ವಭಾವ ಒಂದೇ: ಬೇಗ ಬಿಸಿಯಾಗುತ್ತದೆ. ಅದಕ್ಕೇ ಇದಕ್ಕೆ ಎರಡು ಪ್ಲಾಸ್ಟಿಕ್ ನಳಿಗಳಿವೆ. ನಿಂಬೆಹಣ್ಣಿನ ಗಾತ್ರದ ಒಂದು ಪಂಪನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದರೆ, ಒಂದು ನಳಿಯಲ್ಲಿ ತಣ್ಣೀರು ಯಂತ್ರದ ತಲೆಯೊಳಕ್ಕೆ ಹೋಗಿ ಇನ್ನೊಂದು ನಳಿಯಲ್ಲಿ ಬಿಸಿಯಾಗಿ ಬಕೆಟ್ಟಿಗೆ ವಾಪಸು ಬರುತ್ತದೆ. ಮುಂದುಗಡೆ ಕೆಂಪು ಅಂಕಿಯಲ್ಲಿ ಎಷ್ಟು ಡಿಗ್ರಿ ಎಂದು ತೋರಿಸುತ್ತದೆ. ಅರವತ್ತು ದಾಟಿದರೆ ನಿಲ್ಲಿಸಬೇಕು, ಎಂಬತ್ತು ದಾಟಿದರೆ ಒಳಗಿನ ರಬ್ಬರ್ ರಿಂಗು ಸುಟ್ಟುಹೋಗುತ್ತದೆ ಎಂದು ಪುಸ್ತಕದಲ್ಲಿತ್ತು. ಇಪ್ಪತ್ತೆರಡು ವರ್ಷ ಎಂತೆಂಥ ಬಿಸಿ ಬಿಸಿ ಕಡತಗಳನ್ನು ತಣ್ಣಗಿಟ್ಟ ಕೈ ನನ್ನದು. ಒಂದು ಯಂತ್ರವನ್ನು ತಣ್ಣಗಿಡುವುದು ಏನು ಮಹಾ ಎಂದುಕೊಂಡು ಪುಸ್ತಕವನ್ನು ಮಡಚಿಟ್ಟೆ.

ಆಯ್ಕೆಯ ದಿನವೇ ಬುದ್ಧ ಪೂರ್ಣಿಮೆ. ಅಂದು ನಮ್ಮ ಬೀದಿಯವರು ತುದಿಯ ಅರಳಿಮರದ ಕೆಳಗೆ ಅರವಟ್ಟಿಗೆ ಇಟ್ಟು, ಹೋಗಿ ಬರುವವರಿಗೆಲ್ಲ ಪಾನಕ ಕೊಡುತ್ತಾರೆ. ಪಾನಕದ ಇಲಾಖೆ ಹತ್ತು ವರ್ಷದಿಂದ ನನ್ನ ತಾಯಿಯದು. ಅದರ ಗುಟ್ಟನ್ನು ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ. ನಾನೂ ಕೇಳುವುದಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಬೆಳಿಗ್ಗೆ ಎಂಟೂವರೆಗೆ ಶಾಂತಿ ರೈಫಲ್ ಪೆಟ್ಟಿಗೆ ತೆಗೆದು ಟ್ಯಾಂಕಿನ ಗೇಜು ನೋಡಿದಳು.

"ನೂರಾ ಮೂವತ್ತು ಇದೆ. ಅರವತ್ತು ಗುಂಡು ಹೊಡೆಯೋಕೆ ಸಾಕು."

"ಸಾಕು ಅಂದ್ರೆ ಏನು? ಇನ್ನೂರು ಇರಬೇಕಾದ ಕಡೆ ನೂರಾ ಮೂವತ್ತು ಇಟ್ಕೊಂಡು ಹೋಗ್ತೀಯಾ? ನಾನ್ಯಾಕಿದೀನಿ, ಮಿಷನ್ ಯಾಕಿದೆ?"

"ರೀ, ಮಿಷನ್ನು ಇವತ್ತು ಮುಟ್ಟಬೇಡಿ. ಮ್ಯಾಚ್ ಮುಗೀಲಿ, ಆಮೇಲೆ ಏನ್ ಬೇಕಾದ್ರೂ ಮಾಡ್ಕೊಳಿ."

"ಸರಿ ಸರಿ."

ಕಚೇರಿಯಲ್ಲಿ ಎರಡು ಸಲ ಸರಿ ಅಂದರೆ ಅರ್ಜಿಯನ್ನು ಕಟ್ಟಿನ ಅಡಿಗೆ ಸೇರಿಸಲಾಗಿದೆ ಎಂದರ್ಥ. ಶಾಂತಿಗೆ ಕಚೇರಿಯ ಅನುಭವವಿಲ್ಲ. ಅವಳು ನಂಬಿ ಒಳಗೆ ಹೋಗಿ, ಬುದ್ಧನ ಪಟದ ಮುಂದೆ ಕಣ್ಣು ಮುಚ್ಚಿ ಕೂತಳು. ಮ್ಯಾಚಿನ ದಿನ ಒಂದು ಗಂಟೆ ಉಸಿರನ್ನೇ ಗಮನಿಸುತ್ತ ಕೂರುವುದು ಅವಳ ಪದ್ಧತಿ. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಏಳುವುದಿಲ್ಲ. ಅಮ್ಮ ನಿಂಬೆಹಣ್ಣು ತರಲು ಸಂತೆ ಕಡೆಗೆ ಹೋಗಿದ್ದರು. ಮನೆಯ ಸಂಪೂರ್ಣ ಅಧಿಕಾರ ನನ್ನ ಕೈಗೆ ಬಂತು.

ಮೊದಲು ಟ್ಯಾಂಕನ್ನು ರೈಫಲ್ಲಿನಿಂದ ಬಿಚ್ಚಿದೆ. ಆಗ ನನಗೊಂದು ಯೋಚನೆ ಬಂತು. ಒಳಗಿರುವುದು ಹದಿನೈದು ದಿನದ ಹಳೆಯ ಗಾಳಿ. ಹುಳಿ ಬಂದ ಹಿಟ್ಟಿನ ಮೇಲೆ ಹೊಸ ಹಿಟ್ಟು ರುಬ್ಬಿ ಹಾಕುವುದುಂಟೇ? ಪಾತ್ರೆ ತೊಳೆದೇ ಹಾಕಬೇಕು. ತಿರುಪನ್ನು ಸಡಿಲಿಸಿದೆ. ಶ್ಶ್ಶ್ ಎಂದು ನೂರಾ ಮೂವತ್ತು ಬಾರ್ ಗಾಳಿ ನನ್ನ ಮೀಸೆಯ ಮೇಲೆ ಹಾದು ಹಿತ್ತಿಲಿನ ನುಗ್ಗೆಮರದ ಕಡೆಗೆ ಹೋಯಿತು. ಗೇಜು ಸೊನ್ನೆಗೆ ಬಂತು. ಸ್ವಚ್ಛವಾದ ಸೊನ್ನೆ ಎಂದು ಸಂತೋಷಪಟ್ಟೆ.

ಹೊಸ ಯಂತ್ರವನ್ನು ಮೊದಲು ಹತ್ತು ನಿಮಿಷ ಖಾಲಿ ಓಡಿಸಬೇಕೆಂದು ಪುಸ್ತಕದಲ್ಲಿತ್ತು. ಬಕೆಟ್ಟಿಗೆ ನಲ್ಲಿ ನೀರು ಹಿಡಿದೆ. ಮೇ ತಿಂಗಳಿನಲ್ಲಿ ನಮ್ಮ ತಾರಸಿ ಟ್ಯಾಂಕಿನ ನೀರು ಬೆಳಿಗ್ಗೆ ಒಂಬತ್ತಕ್ಕೇ ಸ್ನಾನಕ್ಕೆ ಸಿದ್ಧವಾಗಿರುತ್ತದೆ. ಸ್ವಿಚ್ಚು ಹಾಕಿದ ನಾಲ್ಕು ನಿಮಿಷಕ್ಕೆ ಐವತ್ತು ಡಿಗ್ರಿ, ಆರಕ್ಕೆ ಐವತ್ತೆಂಟು. ಆಫ್ ಮಾಡಿ ಅಡುಗೆಮನೆಗೆ ಓಡಿದೆ. ಫ್ರಿಜ್ಜಿನಲ್ಲಿದ್ದ ಐಸು ಹನ್ನೆರಡು ತುಂಡು. ಬಕೆಟ್ಟಿಗೆ ಹಾಕಿ ಚೊಂಬು ಕೆಳಗಿಡುವಷ್ಟರಲ್ಲಿ ಹನ್ನೆರಡೂ ಕಾಣಿಸಲಿಲ್ಲ.

ಆಗ ನೆನಪಾಯಿತು. ಹಿತ್ತಿಲ ಬಾಗಿಲ ಪಕ್ಕದ ಸಾಮಾನಿನ ಕೋಣೆಯಲ್ಲಿ, ಕತ್ತಲಲ್ಲಿ, ಪಾನಕಕ್ಕೆಂದು ತರಿಸಿ ಗೋಣಿಚೀಲದಲ್ಲಿ ಸುತ್ತಿ ಹೊಟ್ಟು ಹಾಕಿದ ಐಸ್ ಗಡ್ಡೆ. ಅದರ ಪಕ್ಕದಲ್ಲೇ ಒದ್ದೆ ಬಟ್ಟೆ ಹೊದಿಸಿದ ನೀಲಿ ಡ್ರಮ್ಮು. ಫಿಲ್ಟರ್ ನೀರಿನ ಘಟಕದಿಂದ ನಾನೇ ಹಿಂದಿನ ಸಂಜೆ ಕ್ಯಾನಿನಲ್ಲಿ ಹೊತ್ತು ತಂದು ತುಂಬಿಸಿದ ಎಂಬತ್ತು ಲೀಟರ್. ಅಮ್ಮ ಹನ್ನೊಂದು ಗಂಟೆಗೆ ಅದಕ್ಕೆ ಬೆಲ್ಲ, ನಿಂಬೆ, ಏಲಕ್ಕಿ ಸೇರಿಸಿ ಪಾನಕ ಮಾಡುವವರು. ಅಲ್ಲಿಯವರೆಗೆ ಆ ನೀರು ಸುಮ್ಮನೆ ಕೂತಿದೆ. ಸುಮ್ಮನೆ ಕೂತ ಸರ್ಕಾರಿ ನೌಕರನಿಗೆ ಹೆಚ್ಚುವರಿ ಕೆಲಸ ವಹಿಸುವ ಪದ್ಧತಿ ನಮ್ಮಲ್ಲಿ ಉಂಟು. ನೀರಿಗೂ ವಹಿಸಿದರಾಯಿತು. ನೀರು ನಳಿಯಲ್ಲಿ ಹೋಗಿ ನಳಿಯಲ್ಲಿ ಬರುತ್ತದೆ, ಒಂದು ತೊಟ್ಟೂ ಕಡಿಮೆಯಾಗುವುದಿಲ್ಲ. ಅಮ್ಮನಿಗೆ ತಿಳಿಯುವುದೂ ಇಲ್ಲ.

ಯಂತ್ರವನ್ನು ಕೋಣೆಯ ಬಾಗಿಲಿಗೆ ಎಳೆದು ತಂದೆ. ಡ್ರಮ್ಮಿನ ಬಟ್ಟೆ ಸರಿಸಿ ನೋಡಿದಾಗ ನೀರಿನಲ್ಲಿ ಅಲ್ಲಲ್ಲಿ ಏನೋ ಚುಕ್ಕೆ ಚುಕ್ಕೆ ಕಂಡಿತು. ಕನ್ನಡಕ ಒಳಗಿತ್ತು. ಮಿನರಲ್ ವಾಟರ್ ಅಂದಮೇಲೆ ಸ್ವಲ್ಪ ಮಿನರಲ್ ಇರಲೇಬೇಕಲ್ಲ ಎಂದು ಸಮಾಧಾನ ಮಾಡಿಕೊಂಡೆ. ಐಸ್ ಗಡ್ಡೆಯಲ್ಲಿ ಅರ್ಧ ಒಡೆದು ಹಾಕಿದೆ. ಪಂಪನ್ನು ಮುಳುಗಿಸಿದೆ. ಸ್ವಿಚ್ಚು ಹಾಕಿದೆ.

ಐವತ್ತೆಂಟು ಇದ್ದದ್ದು ನಲವತ್ತಾಯಿತು, ಮೂವತ್ತೊಂದಾಯಿತು, ಇಪ್ಪತ್ತಾರಕ್ಕೆ ನಿಂತಿತು. ನಾನು ಡ್ರಮ್ಮಿನ ಮೇಲೆ ಒಂದು ಕೈ, ಯಂತ್ರದ ಮೇಲೆ ಒಂದು ಕೈ ಇಟ್ಟು ಫೋಟೋ ತೆಗೆದುಕೊಂಡೆ. "ಇಪ್ಪತ್ತಾರು ಡಿಗ್ರಿ. ಇನ್ಮೇಲೆ ಯಾರಿಗೆ ಗಾಳಿ ಬೇಕಾದರೂ ನಮ್ಮ ಮನೆಗೆ ಬರಬಹುದು" ಎಂದು ಬರೆದು ಕ್ಲಬ್ಬಿನ ಗ್ರೂಪಿಗೆ ಹಾಕಿದೆ. ಕೆಂಪಣ್ಣನವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ಟ್ಯಾಂಕನ್ನು ಜೋಡಿಸಿದೆ. ಐದು ನಿಮಿಷ ಕಳೆದರೂ ಗೇಜಿನ ಮುಳ್ಳು ಅಲುಗಲಿಲ್ಲ. ಒತ್ತಡ ಹೊರಗೆ ಬಿಡುವ ತಿರುಪನ್ನು ನಾನು ಮುಚ್ಚಿರಲಿಲ್ಲ. ಅಷ್ಟು ಹೊತ್ತೂ ಯಂತ್ರ ಹೊಳೆನರಸೀಪುರದ ಗಾಳಿಯನ್ನು ಒಳಗೆಳೆದು ಹೊಳೆನರಸೀಪುರಕ್ಕೇ ವಾಪಸು ಕೊಡುತ್ತಿತ್ತು. ತಿರುಪು ಮುಚ್ಚಿದೆ. ಮುಳ್ಳು ಎದ್ದಿತು. ಮೂವತ್ತು, ಐವತ್ತು, ಎಪ್ಪತ್ತು. ನಾನು ಮುಳ್ಳನ್ನೇ ನೋಡುತ್ತಿದ್ದೆ. ನೋಡಬೇಕಾದದ್ದು ಕೆಂಪು ಅಂಕಿಯನ್ನು.

ಮುಳ್ಳು ನೂರಕ್ಕೆ ಬಂದಾಗ ಹಂಚಿನ ಮೇಲೆ ಚಪ್ಪಲಿ ಸುಟ್ಟಂಥ ವಾಸನೆ ಬಂತು. ಕೆಂಪು ಅಂಕಿ ಎಪ್ಪತ್ತೊಂಬತ್ತು ಎಂದಿತು. ಐಸು ತೇಲುತ್ತಿರುವ ಡ್ರಮ್ಮಿಗೆ ಜೋಡಿಸಿದ ಯಂತ್ರಕ್ಕೆ ಎಪ್ಪತ್ತೊಂಬತ್ತು ಡಿಗ್ರಿ ಬರಲು ಕಾರಣವೇ ಇಲ್ಲ. ಆದ್ದರಿಂದ ಅಂಕಿ ತೋರಿಸುವ ಡಬ್ಬಿಯೇ ಕೆಟ್ಟಿರಬೇಕೆಂದು ಬೆರಳಿನಿಂದ ಎರಡು ಸಲ ತಟ್ಟಿದೆ. ಅದು ಎಂಬತ್ತಾರು ಎಂದಿತು. ನೀರು ವಾಪಸು ಬರುವ ನಳಿಯನ್ನು ಎತ್ತಿ ನೋಡಿದೆ. ತುದಿಯಲ್ಲಿ ಒಂದು ಹನಿ ನೇತಾಡುತ್ತಿತ್ತು, ಅದಕ್ಕೂ ಬೀಳುವ ಮನಸ್ಸಿದ್ದಂತೆ ಕಾಣಲಿಲ್ಲ.

ಸ್ವಿಚ್ಚಿಗೆ ಕೈ ಚಾಚಿದೆ. ಕೈ ತಲುಪುವ ಮೊದಲೇ ಢಮ್ ಎಂದಿತು. ಪಕ್ಕದ ಬೀದಿಯ ನಾಯಿಗಳೂ ಬೊಗಳಿದವು. ಒಳಗಿನ ರಿಂಗು ಹೋಯಿತು, ತುಂಬಿದ್ದ ನೂರು ಬಾರ್ ಗಾಳಿಯೂ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತು. ಹೊಗೆ ಸರಿದ ಮೇಲೆ ಗೇಜು ನೋಡಿದೆ. ಮತ್ತೆ ಸ್ವಚ್ಛವಾದ ಸೊನ್ನೆ.

ಅದೇ ಹೊತ್ತಿಗೆ ಅಮ್ಮ ಕೈಚೀಲ ಹಿಡಿದು ಹಿತ್ತಿಲ ಬಾಗಿಲಿಗೆ ಬಂದರು. ಸದ್ದಿಗೆ ಅವರು ಹೆದರಲಿಲ್ಲ. ಅವರ ಕಣ್ಣು ನೇರವಾಗಿ ಡ್ರಮ್ಮಿಗೆ ಹೋಯಿತು.

"ಇದೇನ್ಲಾ ಕೀರ್ತಿ, ಡ್ರಮ್ಮಿಗೆ ಗ್ಲೂಕೋಸ್ ಆಕಿದ್ದೀಯ? ಯಾರಿಗ್ ಉಷಾರಿಲ್ಲ?"

"ಮಿಷನ್ನಿಗಮ್ಮ. ತಣ್ಣಗಾಗ್ಲಿ ಅಂತ."

"ನಾನು ಅದ್ರಲ್ಲಿ ಕಾಮಕಸ್ತೂರಿ ನೆನೆಯಾಕಿದ್ನಲ್ಲೋ!"

ಪಾನಕದ ಗುಟ್ಟು ಅದು. ಕಾಮಕಸ್ತೂರಿ ಬೀಜ. ಎಳ್ಳಿನಷ್ಟಿರುವ ಆ ಕಪ್ಪು ಬೀಜ ನೀರು ಕುಡಿದು ಊದಿಕೊಂಡು, ಮೈತುಂಬ ಲೋಳೆ ಹೊದ್ದು, ಗಂಟಲಲ್ಲಿ ಜಾರುತ್ತ ಹೊಟ್ಟೆಗಿಳಿದು ತಂಪು ಮಾಡುತ್ತದೆ. ಅಮ್ಮ ಬೆಳಿಗ್ಗೆ ಏಳಕ್ಕೇ ಅರ್ಧ ಕೆ.ಜಿ. ಬೀಜವನ್ನು ಡ್ರಮ್ಮಿಗೆ ಸುರಿದಿದ್ದರು. ನಳಿಯನ್ನು ಕಿತ್ತು ಬೆಳಕಿಗೆ ಹಿಡಿದೆ. ಈ ತುದಿಯಿಂದ ಆ ತುದಿಯವರೆಗೆ ಕಪ್ಪೆಯ ಮೊಟ್ಟೆಗಳ ಹಾಗೆ ಒತ್ತೊತ್ತಾಗಿ ಕೂತಿದ್ದವು. ಯಂತ್ರದ ತಲೆ ಬಿಚ್ಚಿದರೆ ಅಲ್ಲಿ ಬೆಂದು ಗಂಜಿಯಾಗಿದ್ದವು. ಊರಿನ ಹೊಟ್ಟೆಗಳನ್ನೆಲ್ಲ ತಂಪು ಮಾಡುವ ಪದಾರ್ಥ ನನ್ನ ಒಂದು ಯಂತ್ರವನ್ನು ತಂಪು ಮಾಡಲಾರದೆ ಹೋಯಿತು.

ಹಿಂದಿನಿಂದ ಅರ್ಧ ಉಸಿರು ಬಿಟ್ಟ ಸದ್ದು ಕೇಳಿಸಿತು.

ಶಾಂತಿ ಬಾಗಿಲಲ್ಲಿ ನಿಂತಿದ್ದಳು. ಯಂತ್ರ ನೋಡಿದಳು, ಡ್ರಮ್ಮು ನೋಡಿದಳು, ಟ್ಯಾಂಕನ್ನು ಕೈಗೆ ತೆಗೆದುಕೊಂಡು ಗೇಜು ನೋಡಿದಳು.

"ನೂರಾ ಮೂವತ್ತು ಇತ್ತು."

"ಇತ್ತು. ಅದು ಹಳೇ ಗಾಳಿ."

"ಹಳೇ ಗಾಳಿ."

"ಅದನ್ನ ಬಿಟ್ಟು ಹೊಸದು ತುಂಬಿಸೋಣ ಅಂತ."

"ಗಾಳಿ ಹಳಸುತ್ತೇನ್ರೀ?"

ಅವಳು ಕೂಗಾಡಲಿಲ್ಲ. ಮ್ಯಾಚಿನ ದಿನ ಅವಳು ಕೂಗುವುದಿಲ್ಲ, ಎದೆ ಬಡಿತ ಏರುತ್ತದಂತೆ. ಟ್ಯಾಂಕನ್ನು ಸೆರಗಿನಲ್ಲಿ ಒರೆಸಿದಳು, ಇನ್ನೊಮ್ಮೆ ಗೇಜು ನೋಡಿದಳು. ಅವಳ ಕಣ್ಣು ತುಂಬಿತ್ತು. ಹೋದ ವರ್ಷದ ಆ ಒಂದು ಪಾಯಿಂಟು ಇನ್ನೊಂದು ವರ್ಷಕ್ಕೆ ಹಾಸಿಗೆ ಸುತ್ತಿಕೊಂಡು ನಮ್ಮ ಮನೆಯೊಳಕ್ಕೆ ಬರುತ್ತಿರುವುದು ನನಗೆ ಸ್ಪಷ್ಟವಾಗಿ ಕಂಡಿತು. ಆಗ ನಿಜಕ್ಕೂ ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಗೆ ಎಷ್ಟು ಬಾರ್ ಒತ್ತಡವಿದ್ದರೂ ಅದನ್ನು ಟ್ಯಾಂಕಿಗೆ ತುಂಬಿಸಲು ಬರುವುದಿಲ್ಲ.

ಅವಳು ಫೋನು ತೆಗೆದು ಅನಿಲ್‌ಕುಮಾರನಿಗೆ ಮಾಡಿದಳು. ಅವನು ಪೇಟೆಯಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟಿರುವವನು, ಇದೇ ಕ್ಲಬ್ಬಿನ ಶೂಟರು, ಅಂದೇ ಅವನದೂ ಆಯ್ಕೆ. ಅವನ ಹತ್ತಿರ ಕೈಪಂಪು ಇದೆ ಎಂದು ಅವಳಿಗೆ ಗೊತ್ತಿತ್ತು. ಹತ್ತೂಕಾಲಿಗೆ ಕಾರಿನಲ್ಲಿ ಬಂದ. ಕೈಪಂಪು ನೋಡಲು ಸೈಕಲ್ ಪಂಪಿನ ಅಣ್ಣನ ಹಾಗಿತ್ತು. ಕೆಳಗೆ ಎರಡು ಪಾದ ಇಡುವ ಜಾಗ, ಮೇಲೆ ಅಡ್ಡ ಹಿಡಿ.

"ಒಂದು ಇನ್ನೂರೈವತ್ತು ಸಲ ಒತ್ತಬೇಕಾಗುತ್ತೆ ಸಾರ್. ಕೊನೇಲಿ ಬಹಳ ಬಿಗಿ ಬರುತ್ತೆ. ಇದೂ ಬಿಸಿಯಾಗುತ್ತೆ, ನಡುವೆ ನಡುವೆ ನಿಲ್ಲಿಸಬೇಕು" ಎಂದ.

"ನೀವೇ ಸ್ವಲ್ಪ ಒತ್ತಿಕೊಡಿ" ಎಂದೆ.

"ನಾನು ಒತ್ತಿದ್ರೆ ಕೈ ನಡುಗುತ್ತೆ ಸಾರ್. ಮಧ್ಯಾಹ್ನ ಗುರಿ ನಿಲ್ಲಲ್ಲ. ಮೇಡಂಗೂ ಅದೇ. ಮ್ಯಾಚ್ ದಿನ ಶೂಟರ್ ಆದೋರು ತರಕಾರಿ ಚೀಲಾನೂ ಎತ್ತಬಾರದು."

ಹಾಗಾಗಿ ಕೈ ನಡುಗಿದರೂ ಜಗತ್ತಿಗೆ ನಷ್ಟವಾಗದ ಏಕೈಕ ವ್ಯಕ್ತಿಯಾಗಿ ನಾನು ಪಂಪು ಹತ್ತಿದೆ. ಮೊದಲ ಇಪ್ಪತ್ತು ಸುಲಭವಾಗಿತ್ತು. ಶಾಂತಿಯ ಕಡೆ ನೋಡಿ ನಕ್ಕೆ. ಅವಳು ನಗಲಿಲ್ಲ. ನಲವತ್ತಕ್ಕೆ ಅಂಗಿ ಬಿಚ್ಚಿದೆ. ಅರವತ್ತಕ್ಕೆ ಮೊಣಕೈಯಲ್ಲಿ ಏನೋ ಟಕ್ ಎಂದಿತು. ಎಪ್ಪತ್ತನೆಯದಕ್ಕೆ ಹಿಡಿ ಮೇಲೆ ಬಂತು, ಕೆಳಗೆ ಹೋಗಲಿಲ್ಲ. ನಾನು ಅದರ ಮೇಲೆ ಎದೆಯಿಟ್ಟು ಮಲಗಿದೆ. ಮುಳ್ಳು ಅರವತ್ತರಲ್ಲಿತ್ತು.

"ಬಿಡಿ, ತುಂಬಾ ಬಿಸಿಯಾಗಿದೆ. ಹತ್ತು ನಿಮಿಷ ಆರಲಿ" ಎಂದಳು ಶಾಂತಿ. ದನಿಯಲ್ಲಿ ಮರುಕವಿತ್ತು.

"ಪರವಾಗಿಲ್ಲ, ನನಗೇನೂ ಆಗಿಲ್ಲ."

"ಪಂಪಿಗೆ ಹೇಳಿದ್ದು."

ಗಂಟೆ ಹತ್ತೂಮುಕ್ಕಾಲು. ಹನ್ನೆರಡಕ್ಕೆ ಹೊರಡದಿದ್ದರೆ ಹಾಸನದಲ್ಲಿ ಹೆಸರು ಕೂಗುವ ಹೊತ್ತಿಗೆ ತಲುಪುವುದಿಲ್ಲ. ಅಷ್ಟರಲ್ಲಿ ಅರಳಿಮರದ ಕಡೆಯಿಂದ ಹೊನ್ನಕ್ಕ ಬಂದರು. ನಮ್ಮ ಬೀದಿಯ ಹಿರಿಯಾಕೆ, ಅರವಟ್ಟಿಗೆಯ ಚಪ್ಪರದ ಉಸ್ತುವಾರಿ ಅವರದು. ಹಿಂದೆ ಸುಬ್ಬಮ್ಮ, ಇನ್ನೂ ನಾಲ್ಕೈದು ಹೆಂಗಸರು.

"ಪಾರ್ವತಕ್ಕ, ಪಾನಕ ಎಲ್ಲವ್ವಾ? ಮರದ್ ಕೆಳಗೆ ಜನ ಬಂದ್ ನಿಂತವ್ರೆ."

"ಪಾನಕ ಮಿಷನ್ನು ಕುಡೀತು" ಎಂದರು ಅಮ್ಮ.

ನಾನು ಆಗಿದ್ದನ್ನು ಆಗಿದ್ದಂತೆ, ಆದರೆ ನನ್ನ ಹೆಸರು ಆದಷ್ಟು ಕಡಿಮೆ ಬರುವ ಹಾಗೆ ವಿವರಿಸಿದೆ. ಯಂತ್ರದ ತಲೆಯನ್ನು ಸುತ್ತಿ ಬಂದ ನೀರನ್ನು ಊರಿಗೆ ಕುಡಿಸುವಂತಿಲ್ಲ. ಎಂಬತ್ತು ಲೀಟರನ್ನೂ ತೆಂಗಿನ ಬುಡಕ್ಕೆ ಚೆಲ್ಲಲಾಯಿತು. ಹೊನ್ನಕ್ಕ ನನ್ನನ್ನು ಬಯ್ಯಲಿಲ್ಲ. ಬಯ್ಯುವಷ್ಟು ಮುಖ್ಯನೆಂದು ಅವರಿಗೆ ಅನ್ನಿಸಲಿಲ್ಲವೋ ಏನೋ. ಅವರು ಕೈಪಂಪಿನ ಸುತ್ತ ಒಂದು ಸುತ್ತು ಬಂದರು.

"ಇದೇನಕ್ಕ, ಬೋರಿಂಗಾ?"

"ಅಂಗೇ ಕಾಣ್ತದೆ. ನೀರ್ ಬರಕಿಲ್ಲ, ಗಾಳಿ ಬತ್ತದಂತೆ" ಎಂದು ಅಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. "ಸರೀಲಾ ಅತ್ಲಾಗೆ."

"ಅಮ್ಮ, ನಿಂಗೆ ಅರವತ್ತೆಂಟು ವರ್ಷ. ನನ್ನ ಕೈಲೇ ಆಗಲಿಲ್ಲ."

"ನೀನು ತೋಳಲ್ಲಿ ಒಡೀತಿದ್ದೆ, ನೋಡ್ತಿದ್ನಲ್ಲ. ತೋಳಲ್ಲಿ ಒಡುದ್ರೆ ಯಾರ ಕೈಲೂ ಆಗಕಿಲ್ಲ. ಮೈ ಬುಡ್ಬೇಕು ಕಣ್ಲಾ. ಮೂವತ್ತೊರ್ಸ ಆ ಬೋರಿಂಗ್ ಒಡುದು ನಿಂಗೆ ನೀರ್ ಉಯ್ದಿದ್ದೀನಿ."

ಅದು ನಿಜ. ನಮ್ಮ ಬೀದಿಗೆ ನಲ್ಲಿ ಬರುವವರೆಗೆ ಈ ಹೆಂಗಸರೆಲ್ಲ ತುದಿಯ ಬೋರ್‌ವೆಲ್ಲಿನ ಕೈಪಂಪು ಹೊಡೆದವರು. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ನೂರು ಸಲ ಹೊಡೆದರೆ ಒಂದು ಕೊಡ. ಅಮ್ಮ ಹಿಡಿಯನ್ನು ಎತ್ತಿದರು, ನೆಟ್ಟಗೆ ನಿಂತರು, ಆಮೇಲೆ ತಮ್ಮ ಭಾರವನ್ನು ಹಾಗೇ ಅದರ ಮೇಲೆ ಬಿಟ್ಟರು. ನನ್ನ ಎದೆಗೆ ಮಣಿಯದ ಹಿಡಿ ನಿಟ್ಟುಸಿರು ಬಿಟ್ಟು ಕೆಳಗೆ ಹೋಯಿತು. ಇಪ್ಪತ್ತು ಒತ್ತಿ ಕೆಳಗಿಳಿದರು. ಹೊನ್ನಕ್ಕ ಹತ್ತಿದರು. ಅವರಿಗೆ ಇಪ್ಪತ್ತು. ಆಮೇಲೆ ಸುಬ್ಬಮ್ಮ. ಯಾರೂ ಏನೂ ಹೇಳದೆಯೇ ಸರದಿ ಏರ್ಪಟ್ಟಿತು. ಬೋರಿಂಗಿನ ಮುಂದೆ ಅದೇ ಕ್ರಮವಂತೆ, ಒಬ್ಬರಿಗೆ ಇಪ್ಪತ್ತು.

"ನಿಲ್ಲಿಸಿ, ಬಿಸಿಯಾಗಿರುತ್ತೆ" ಎಂದ ಅನಿಲ್‌ಕುಮಾರ.

ಅಮ್ಮ ಪಂಪಿನ ಕೊಳವೆಯನ್ನು ಮುಟ್ಟಿ ನೋಡಿದರು. ಡ್ರಮ್ಮಿಗೆ ಹೊದಿಸಿದ್ದ ಬಟ್ಟೆಯನ್ನು ತೆಗೆದು, ನೆನೆಸಿ, ಹಿಂಡಿ ಕೊಳವೆಗೆ ಸುತ್ತಿದರು. ಉಳಿದ ಐಸಿನ ಒಂದು ಚೂರನ್ನು ಆ ಬಟ್ಟೆಯ ಮಡಿಕೆಯಲ್ಲಿಟ್ಟರು. ಎರಡು ನಿಮಿಷ ಬಿಟ್ಟು ಮತ್ತೆ ಮುಟ್ಟಿ ನೋಡಿ, "ಊಂ, ಸುಬ್ಬಿ, ಅತ್ತು" ಎಂದರು. ಕೆಂಪು ಅಂಕಿ ಇಲ್ಲ, ನಳಿ ಇಲ್ಲ, ಪುಸ್ತಕ ಇಲ್ಲ. ಬಿಸಿಯಾದರೆ ನಿಲ್ಲಿಸುವುದು, ಬಟ್ಟೆ ಒಣಗಿದರೆ ನೆನೆಸುವುದು. ಅದನ್ನು ನೆನೆಸಿಕೊಂಡು ಬರುವ ಕೆಲಸ ಮಾತ್ರ ನನಗೆ ಬಂತು. ನಾನು ಅದನ್ನು ಜವಾಬ್ದಾರಿಯಿಂದಲೇ ಮಾಡಿದೆ.

ನೂರು ದಾಟಿತು. ನೂರೈವತ್ತು ದಾಟಿತು. ನೂರೆಂಬತ್ತಕ್ಕೆ ಹಿಡಿ ಬಿಗಿಯಾಗಿ ಒಬ್ಬರ ಭಾರಕ್ಕೆ ಇಳಿಯದಾಯಿತು. ಆಗ ಅಮ್ಮ ಒಂದು ಕಡೆ, ಹೊನ್ನಕ್ಕ ಇನ್ನೊಂದು ಕಡೆ ಹಿಡಿದು, ಒಟ್ಟಿಗೆ ಮೈ ಬಿಟ್ಟರು. ಶಾಂತಿ ಗೇಜಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಎಣಿಸುತ್ತಿದ್ದಳು. ನೂರಾ ತೊಂಬತ್ತು. ನೂರಾ ತೊಂಬತ್ತೈದು. ಹನ್ನೊಂದೂ ಐವತ್ತಕ್ಕೆ ಮುಳ್ಳು ಇನ್ನೂರರ ಗೆರೆಯ ಮೇಲೆ ಕೂತಿತು. ಶಾಂತಿ ಎದ್ದು ಅಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮದುವೆಯಾದ ಹದಿನೇಳು ವರ್ಷದಲ್ಲಿ ಅತ್ತೆ ಸೊಸೆ ಹೀಗೆ ನಿಂತಿದ್ದನ್ನು ನಾನು ನೋಡಿರಲಿಲ್ಲ.

"ಬೆವರೈತೆ, ಬುಡವ್ವ. ನಿನ್ ಕೈ ಜಾರುತ್ತೆ. ಓಗ್ಬುಟ್ಟು ಬಾ" ಎಂದರು ಅಮ್ಮ.

ಅವಳು ಅನಿಲ್‌ಕುಮಾರನ ಕಾರಿನಲ್ಲಿ ಹೊರಟಳು. ನಾನೂ ಚಪ್ಪಲಿ ಹಾಕಿಕೊಂಡೆ. ಹೊನ್ನಕ್ಕ ಖಾಲಿ ಕ್ಯಾನುಗಳನ್ನು ತಂದು ನನ್ನ ಮುಂದಿಟ್ಟರು. ಆ ಬಿಸಿಲಿನಲ್ಲಿ ಸ್ಕೂಟರಿನ ಮೇಲೆ ಒಂದು ಸಲಕ್ಕೆ ಒಂದು ಕ್ಯಾನಿನಂತೆ ನಾಲ್ಕು ಸಲ ಹೋಗಿ ಎಂಬತ್ತು ಲೀಟರ್ ತಂದೆ. ಕಾಮಕಸ್ತೂರಿ ಇಲ್ಲದ ಪಾನಕವನ್ನು ಬೀದಿಯವರು ಕುಡಿದರು. ಪ್ರತಿಯೊಬ್ಬರೂ ಲೋಟ ಕೆಳಗಿಡುವಾಗ ನನ್ನ ಮುಖ ನೋಡಿದರು.

ಸಂಜೆ ಆರಕ್ಕೆ ಫೋನು ಬಂತು. ಆಯ್ಕೆಯಾಗಲು ಬೇಕಾದದ್ದಕ್ಕಿಂತ ಮೂರು ಪಾಯಿಂಟು ಹೆಚ್ಚೇ ಬಂದಿತ್ತು. ಅಮ್ಮನಿಗೆ ಹೇಳಿದಾಗ, "ನಂಗೊತ್ತಿತ್ತು ಬುಡು" ಎಂದು ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡರು. ಶಾಂತಿ ಬಂದಮೇಲೆ ಇನ್ನೊಂದು ಸುದ್ದಿಯೂ ತಿಳಿಯಿತು. ಬೇರೆಯವರ ಟ್ಯಾಂಕುಗಳಲ್ಲಿ ನೂರು, ನೂರಿಪ್ಪತ್ತು ಮಾತ್ರ ಇದ್ದಾಗ ಇವಳದರಲ್ಲಿ ಮಾತ್ರ ಪೂರ್ತಿ ಇನ್ನೂರು ಇದ್ದದ್ದನ್ನು ನೋಡಿ ಕೆಂಪಣ್ಣನವರು, "ಯಾವ ಮಿಷನಮ್ಮ?" ಎಂದು ಕೇಳಿದರಂತೆ.

"ನೀನೇನಂದೆ?"

"ಇದ್ದದ್ದು ಹೇಳ್ದೆ."

ಇದ್ದದ್ದು ಎಂದರೆ ನನ್ನ ಫೋಟೋದಲ್ಲಿದ್ದದ್ದು ಎಂದು ನಾನು ಭಾವಿಸಿದೆ. ಒಂದು ವಾರದಲ್ಲಿ ರಿಂಗು ತರಿಸಿ ಹಾಕಿದೆ. ನಳಿಗಳನ್ನು ಬಿಸಿನೀರಿನಲ್ಲಿ ತೊಳೆದೆ. ನೀರು ತುಂಬಿದ ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ ಬಕೆಟ್ಟಿಗಿಟ್ಟೆ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಓಡಿಸಿದರೂ ಇಪ್ಪತ್ತೊಂಬತ್ತು ಡಿಗ್ರಿ ದಾಟಲಿಲ್ಲ. ನನ್ನ ಮೇಲೆ ನನಗೆ ಮತ್ತೆ ಗೌರವ ಮೂಡುತ್ತಿರುವಾಗಲೇ ಮನೆ ಮುಂದೆ ಮೂರು ಬೈಕು, ಒಂದು ಸ್ಕೂಟರು ಬಂದು ನಿಂತವು. ಕ್ಲಬ್ಬಿನವರು. ಒಬ್ಬ ಅರಕಲಗೂಡಿನಿಂದ, ಇಬ್ಬರು ಶಾಂತಿಗ್ರಾಮದಿಂದ, ಇನ್ನೊಬ್ಬ ಚನ್ನರಾಯಪಟ್ಟಣದಿಂದ. ಎಲ್ಲರ ಹೆಗಲಿನ ಚೀಲದಲ್ಲೂ ಟ್ಯಾಂಕು. ಒಬ್ಬನ ಕೈಯಲ್ಲಿ ಅನಿಲ್‌ಕುಮಾರನ ಕೈಪಂಪು.

ನಾನು ಗೇಟು ಪೂರ್ತಿ ತೆರೆದು, "ಬನ್ನಿ ಬನ್ನಿ, ಎಲ್ಲಾ ರೆಡಿ ಇದೆ. ಇಪ್ಪತ್ತೊಂಬತ್ತು ಡಿಗ್ರಿ" ಎಂದೆ.

ಮುಂದಿದ್ದವನು ಚಪ್ಪಲಿ ಬಿಚ್ಚಿಟ್ಟು, ನನ್ನ ಹೆಗಲ ಮೇಲಿಂದ ಮನೆಯೊಳಕ್ಕೆ ಇಣುಕಿ ನೋಡಿ, ಬಹಳ ವಿನಯದಿಂದ ಕೇಳಿದ:

"ಸಾ, ಪಾರ್ವತಮ್ಮೋರು ಮನೇಲವ್ರಾ?"